ಬಿಸಿಲೂರಿನ ಬೇಸಿಗೆ ಸೂಟಿ: ಮೊದಲು ಮಧ್ಯಾಹ್ನವನ್ನು ಕಟ್ಟಿಕೊಳ್ಳಿ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆ ಬಾಗಿಲು ಹಾಕಿತೆಂದರೆ ಮೇ ಕೊನೆಯವರೆಗೆ ಮಕ್ಕಳು ಮನೆಯಲ್ಲೇ. ಬೆಂಗಳೂರಿನವರಿಗೋ ಮಲೆನಾಡಿನವರಿಗೋ ಹೇಳಿದ ರಜೆಯ ಸಲಹೆಗಳು ಕೊಪ್ಪಳ, ರಾಯಚೂರು, ಬಳ್ಳಾರಿಯ ಮನೆಗಳಿಗೆ ಹೊಂದುವುದಿಲ್ಲ. ‘ಮಕ್ಕಳನ್ನು ಹೊರಗೆ ಆಡಲು ಬಿಡಿ’ ಅನ್ನುವುದು ಒಳ್ಳೆಯ ಮಾತೇ, ಆದರೆ ಇಲ್ಲಿ ಬಿಸಿಲು 40 ಡಿಗ್ರಿ ದಾಟಿ ನಿಂತಿರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಓಣಿ ಖಾಲಿಯಾಗುತ್ತದೆ, ನಾಯಿಗಳು ಸಹ ಗಟಾರದ ನೆರಳು ಹುಡುಕುತ್ತವೆ.

ಹಾಗಾಗಿ ನಮ್ಮ ಕಡೆ ಸೂಟಿಯ ಲೆಕ್ಕವನ್ನು ಬೇರೆ ತುದಿಯಿಂದ ಶುರು ಮಾಡಬೇಕು. ಬೆಳಗು ಮತ್ತು ಸಂಜೆಯನ್ನು ಮಕ್ಕಳು ತಾವಾಗಿಯೇ ತುಂಬಿಕೊಳ್ಳುತ್ತಾರೆ. ತಂದೆತಾಯಿ ಕುಳಿತು ಯೋಚಿಸಬೇಕಾದದ್ದು 11ರಿಂದ 4ರವರೆಗಿನ ಐದು ತಾಸು. ಕದ್ದು ಈಜಲು ಹೋಗುವುದು, ಮೊಬೈಲ್ ಹಿಡಿದು ಮೂಲೆ ಸೇರುವುದು, ಅಣ್ಣತಂಗಿಯರ ಜಗಳ, ಬಿಸಿಲು ಬಡಿಯುವುದು, ಹೆಚ್ಚಿನದೆಲ್ಲ ಈ ಹೊತ್ತಿನಲ್ಲೇ ಆಗುತ್ತದೆ. ದೊಡ್ಡವರು ದುಡಿಯಲು ಹೋಗಿರುತ್ತಾರೆ, ಇಲ್ಲವೇ ಉಂಡು ಅಡ್ಡಾಗಿರುತ್ತಾರೆ. ಈ ಐದು ತಾಸು ಭದ್ರವಾದರೆ ಉಳಿದ ಸೂಟಿ ಅರ್ಧಕ್ಕರ್ಧ ತಾನೇ ಸರಿಹೋಗುತ್ತದೆ. ಹೆಜ್ಜೆಗಳನ್ನು ಆ ಕ್ರಮದಲ್ಲೇ ಬರೆದಿದ್ದೇನೆ.

ಹೆಜ್ಜೆ 1: ಸೂಟಿ ಬೀಳುವ ಮುಂಚಿನ ವಾರ ಓಣಿಯವರನ್ನು ಕೂಡಿಸಿ

ಇಬ್ಬರೂ ದುಡಿಯುವ ಮನೆಗಳಲ್ಲಿ ಮಧ್ಯಾಹ್ನ ಮಕ್ಕಳ ಜೊತೆ ಯಾರಿರುತ್ತಾರೆ ಎಂಬುದೇ ದೊಡ್ಡ ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುವುದು ರೂಢಿ. ಆ ನೌಕರಿಯವರಿಗೆ ಅರ್ಧ ಸಮಸ್ಯೆ ಅಲ್ಲೇ ಕಳೆಯಿತು. ಅಂಗಡಿ, ಕಾರ್ಖಾನೆ, ರೈಸ್‌ಮಿಲ್, ಹೊಲಕ್ಕೆ ಹೋಗುವವರಿಗೆ ಆ ಅನುಕೂಲ ಇಲ್ಲ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು ಸರದಿ. ಒಂದೇ ಓಣಿಯ ನಾಲ್ಕೈದು ಮನೆಯವರು ಸೇರಿ ವಾರದ ಒಂದೊಂದು ಮಧ್ಯಾಹ್ನವನ್ನು ಹಂಚಿಕೊಳ್ಳಿ. ಇವತ್ತು ಎಲ್ಲ ಮಕ್ಕಳೂ ಒಬ್ಬರ ಮನೆಯಲ್ಲಿ, ನಾಳೆ ಇನ್ನೊಬ್ಬರಲ್ಲಿ. ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ ಆ ಮನೆಗೆ ಎರಡು ದಿನ ಕೊಡಬಹುದು, ಆದರೆ ಅವರನ್ನು ಕೇಳಿ ಕೊಡಿ. ಎಪ್ಪತ್ತು ದಾಟಿದವರಿಗೆ ಎಂಟು ಮಕ್ಕಳನ್ನು ಐದು ತಾಸು ಹಿಡಿದಿಡುವುದು ಭಾರ.

ಸರದಿ ಮುರಿದು ಬೀಳುವುದು ಸಣ್ಣ ಮಾತುಗಳಿಗೆ. ಆದ್ದರಿಂದ ನಾಲ್ಕು ವಿಷಯ ಮೊದಲೇ ಬಾಯಿಬಿಟ್ಟು ಆಡಿಕೊಳ್ಳಿ. ಊಟ ಅವರವರ ಡಬ್ಬಿಯಲ್ಲೇ ಬರಲಿ, ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಾಕು. ಟಿವಿ ಎಷ್ಟು ಹೊತ್ತು ಎಂಬುದು ಎಲ್ಲ ಮನೆಯಲ್ಲೂ ಒಂದೇ ಇರಲಿ. ಯಾವ ಮಗುವಿಗೆ ಫಿಟ್ಸ್, ದಮ್ಮು, ಅಲರ್ಜಿ ಇದೆ ಎಂಬುದು ಎಲ್ಲರಿಗೂ ಗೊತ್ತಿರಲಿ. ನಾಲ್ಕಕ್ಕೆ ಮುಂಚೆ ಯಾವ ಮಗುವೂ ಹೇಳದೆ ಹೊಸ್ತಿಲು ದಾಟಬಾರದು, ದಾಟಿದರೆ ತಕ್ಷಣ ಆ ಮನೆಗೆ ಫೋನ್ ಹೋಗಬೇಕು. ಮಕ್ಕಳನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕುವ ರೂಢಿ ಕೆಲವು ಕಡೆ ಇದೆ. ಎಷ್ಟೇ ಅಡಚಣೆಯಿದ್ದರೂ ಅದನ್ನು ಮಾಡಬೇಡಿ. ಬೆಂಕಿ ಬಿದ್ದರೆ, ಕರೆಂಟ್ ಹೊಡೆದರೆ ಹೊರಬರಲು ದಾರಿಯೇ ಇರುವುದಿಲ್ಲ.

ಹಳ್ಳಿಯವರಿಗೆ ಇನ್ನೆರಡು ಆಸರೆ ಇವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಬೇಸಿಗೆಯಲ್ಲಿ ಬಹಳ ಕಡೆ ಮಕ್ಕಳ ಶಿಬಿರ ನಡೆಸುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ಯಾವಾಗ ಎಂದು ಮಾರ್ಚ್‌ನಲ್ಲೇ ಕೇಳಿಟ್ಟುಕೊಳ್ಳಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಕೂಸುಗಳಿಗೆ 2023ರಿಂದ ‘ಕೂಸಿನ ಮನೆ’ಗಳು ಶುರುವಾಗಿವೆ. ಊರಲ್ಲಿ ಇದ್ದರೆ ಕೂಸನ್ನು ಬದುವಿನ ಮೇಲೆ, ಗಿಡದ ಬುಡದಲ್ಲಿ ಮಲಗಿಸುವ ಬದಲು ಅಲ್ಲಿ ಬಿಡಿ.

ಹೆಜ್ಜೆ 2: ಒಂದು ಕೋಣೆಯನ್ನಾದರೂ ತಂಪಾಗಿಡಿ

ಇಡೀ ಮನೆ ತಂಪು ಮಾಡಲು ಹೋಗಬೇಡಿ. ಮಕ್ಕಳು ಕೂರುವ ಒಂದು ಕೋಣೆ ಸಾಕು. ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು, ಶಹಾಬಾದ್ ಕಲ್ಲಿನ ನೆಲವಿದ್ದರೆ ಇನ್ನೂ ಮೇಲು. ತಗಡಿನ ಮನೆಯೊಳಗೆ ಮಾತ್ರ ಮಧ್ಯಾಹ್ನ ಮಕ್ಕಳನ್ನು ಇರಿಸಲೇಬೇಡಿ. ಹೊರಗಿನ ನೆರಳಿಗಿಂತ ಒಳಗೇ ಸೆಕೆ ಹೆಚ್ಚು. ಪಕ್ಕದ ಮಾಳಿಗೆ ಮನೆ, ಗುಡಿಯ ಪೌಳಿ, ಅರಿವು ಕೇಂದ್ರ, ಎಲ್ಲಿ ಜಾಗವಿದೆಯೋ ಅಲ್ಲಿಗೆ ಕಳಿಸಿ.

ಪಡುವಣ ಮತ್ತು ತೆಂಕಣ ಕಿಟಕಿಗಳನ್ನು ಬೆಳಿಗ್ಗೆ ಒಂಬತ್ತಕ್ಕೇ ಮುಚ್ಚಿ ದಪ್ಪ ಬಟ್ಟೆ ಇಳಿಬಿಡಿ, ಬಿಸಿಲಿಳಿದ ಮೇಲೆ ಎಲ್ಲ ತೆರೆಯಿರಿ. ಬಾಗಿಲಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುವ ಹಳೆಯ ಉಪಾಯ ನಮ್ಮ ಒಣಹವೆಗೆ ಹೇಳಿ ಮಾಡಿಸಿದ್ದು. ಕೂಲರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅದಕ್ಕಾಗಿ ಕೂಲರ್ ಎದುರಿನ ಒಂದು ಕಿಟಕಿ ಸ್ವಲ್ಪ ತೆರೆದಿರಬೇಕು. ಎಲ್ಲ ಮುಚ್ಚಿದರೆ ಕೋಣೆಯಲ್ಲಿ ತೇವ ತುಂಬಿ ಮೈ ಜಿಗಟಾಗುತ್ತದೆ, ತಂಪು ಬರುವುದಿಲ್ಲ. ಬರೀ ಫ್ಯಾನ್ ಇದ್ದವರು ಒಂದು ವಿಷಯ ನೆನಪಿಡಿ: ಕೋಣೆಯ ಗಾಳಿಯೇ 40 ಡಿಗ್ರಿ ದಾಟಿದಾಗ ಫ್ಯಾನ್ ಮೈಮೇಲೆ ಬಿಸಿಗಾಳಿಯನ್ನೇ ದೂಡುತ್ತದೆ. ಆಗ ಮಕ್ಕಳ ಮುಖ, ಕೈಕಾಲು ಒದ್ದೆ ಮಾಡಿ ಕೂಡಿಸಿ.

ಕೂಲರ್‌ನ ತಗಡಿನ ಮೈಗೆ ಕರೆಂಟ್ ಹರಿಯುವ ಅಪಾಯ ಇದೆ. ಸೂಟಿಗೆ ಮುಂಚೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ನೀರು ಹಾಕುವಾಗ ಪ್ಲಗ್ ತೆಗೆದೇ ಹಾಕಿ, ಆ ಕೆಲಸವನ್ನು ಮಕ್ಕಳಿಗೆ ಹೇಳಬೇಡಿ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಬರಿದು ಮಾಡಿ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆಯ ಮೊಟ್ಟೆ ರೆಕ್ಕೆ ಬಲಿತ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು.

ಹೆಜ್ಜೆ 3: ದಿನವನ್ನು ಬೆಳಿಗ್ಗೆ ಐದೂವರೆಗೆ ಶುರು ಮಾಡಿ

ಸೂಟಿಯೆಂದು ಮಕ್ಕಳನ್ನು ಒಂಬತ್ತರವರೆಗೆ ಮಲಗಿಸುವುದು ನಮ್ಮ ಊರಲ್ಲಿ ದೊಡ್ಡ ನಷ್ಟ. ದಿನದ ಒಳ್ಳೆಯ ಹೊತ್ತೆಲ್ಲ ನಿದ್ದೆಯಲ್ಲಿ ಕಳೆದು, ಬಿಸಿಲಿನ ಹೊತ್ತಿಗೆ ಆಟದ ಹುರುಪು ಬರುತ್ತದೆ. ಐದೂವರೆ, ಆರಕ್ಕೆ ಎಬ್ಬಿಸಿ. ಕ್ರಿಕೆಟ್, ಲಗೋರಿ, ಚಿಣಿದಾಂಡು, ಸೈಕಲ್, ಹೊಲದ ದಾರಿಯ ನಡಿಗೆ ಎಲ್ಲ ಒಂಬತ್ತರೊಳಗೆ ಮುಗಿಯಲಿ. ಆಮೇಲೆ ಸ್ನಾನ, ಒಂದು ತಟ್ಟೆ ಒಗ್ಗಾಣಿ. ಮಧ್ಯಾಹ್ನ ಒಂದು ನಿದ್ದೆ. ಐದರಿಂದ ಕತ್ತಲಾಗುವವರೆಗೆ ಮತ್ತೆ ಆಟ. ಮೊದಲ ನಾಲ್ಕು ದಿನ ಗೊಣಗುತ್ತಾರೆ, ಗೆಳೆಯರೆಲ್ಲ ಅದೇ ಹೊತ್ತಿಗೆ ಬಯಲಿಗೆ ಬರುವುದು ಗೊತ್ತಾದ ಮೇಲೆ ನೀವು ಎಬ್ಬಿಸುವುದೇ ಬೇಡ.

ಹೆಜ್ಜೆ 4: ಐದು ತಾಸನ್ನು ತುಂಬುವುದು

ಗಂಟೆಗಂಟೆಗೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ, ಅದು ಇನ್ನೊಂದು ಶಾಲೆಯಾಗುತ್ತದೆ. ಮೂರು ಪಾಲು ಮಾಡಿದರೆ ಸಾಕು: ಕೈಕೆಲಸ, ಊಟ ನಿದ್ದೆ, ಕೂತಾಟ.

ಕೈಕೆಲಸಕ್ಕೆ ಈ ಕಾಲ ಬಹಳ ಒಳ್ಳೆಯದು. ಮನೆಮನೆಯಲ್ಲಿ ಸಂಡಿಗೆ, ಹಪ್ಪಳ, ಶಾವಿಗೆ ನಡೆದಿರುತ್ತದೆ. ಹಿಟ್ಟು ಕಲಸುವುದು, ಉಂಡೆ ಮಾಡುವುದು, ಲಟ್ಟಿಸುವುದು ಒಳಗಿನ ಕೆಲಸ, ಮಕ್ಕಳಿಗೆ ಕೊಡಿ. ಮಾಳಿಗೆ ಮೇಲೆ ಒಣಹಾಕುವುದು ದೊಡ್ಡವರದೇ ಇರಲಿ. ಗಂಡುಮಕ್ಕಳೂ ಕೂರಲಿ. ರೊಟ್ಟಿ ಬಡಿಯಲು ಬರುವ ಹುಡುಗ ಮುಂದೆ ಓದಲೆಂದು ಬೇರೆ ಊರಿಗೆ ಹೋದರೂ ಹಸಿದಿರುವುದಿಲ್ಲ. ಹುಣಸೆಹಣ್ಣಿನ ಬೀಜ ತೆಗೆಯುವುದಿದ್ದರೆ ಆ ಬೀಜಗಳನ್ನು ಎಸೆಯಬೇಡಿ, ಆಟಕ್ಕೆ ಬೇಕು.

ಆಟವೆಂದರೆ ಚೌಕಾಬಾರ. ಶಹಾಬಾದ್ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಐದೈದರಂತೆ 25 ಮನೆ ಬರೆಯಿರಿ. ನಾಲ್ಕು ಬದಿಯ ನಡುವಿನ ಮನೆಗಳಿಗೆ ಮತ್ತು ಒಳಗಿನ ನಟ್ಟನಡುವಿನ ಮನೆಗೆ ಕಾಟು ಹಾಕಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ತೇಯ್ದು ಒಂದು ಬದಿ ಬಿಳಿ ಮಾಡಿದರೆ ಆಯಿತು, ನಾಲ್ಕು ಬೇಕು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ ಅಂದರೆ ಎಂಟು, ಎರಡಕ್ಕೂ ಮತ್ತೊಂದು ಸಲ ಎಸೆಯುವ ಹಕ್ಕು. ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಇಟ್ಟರೆ ಒಂದು ಆಟ ತಾಸಿಗೂ ಮೇಲೆ ಎಳೆಯುತ್ತದೆ. ಅಳಗುಳಿಮನೆಯ ಹಲಗೆ ಅಟ್ಟದ ಮೇಲಿದ್ದರೆ ಇಳಿಸಿ. ಎಣಿಕೆ ಗಟ್ಟಿಯಾಗದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಗಣಿತ ಪಾಠ ನಾನು ಕಂಡಿಲ್ಲ.

ದೊಡ್ಡ ಮಕ್ಕಳಿಗೆ ಒಂದು ಕೆಲಸ ಹಚ್ಚಿ: ಅಜ್ಜ ಅಜ್ಜಿಯನ್ನು ಕೇಳಿ ಮನೆತನದ ವಂಶಾವಳಿ ಬರೆಯುವುದು. ಯಾರು ಯಾವ ಊರಿಂದ ಬಂದರು, ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಿಂದ ಎದ್ದು ಬಂದವರು ನಮ್ಮಲ್ಲಿ ಯಾರಾದರೂ ಇದ್ದಾರೆಯೇ, ಕಾಲುವೆ ನೀರು ಬರುವ ಮುಂಚೆ ಹೊಲದಲ್ಲಿ ಏನು ಬೆಳೆಯುತ್ತಿದ್ದರು. 1953ರಲ್ಲಿ ಅಣೆಕಟ್ಟು ತುಂಬಿದ ಕಾಲವನ್ನು ಕಣ್ಣಾರೆ ಕಂಡವರು ಈಗ ಬಹಳ ಕಡಿಮೆ ಉಳಿದಿದ್ದಾರೆ. ಈ ಸೂಟಿಯಲ್ಲೇ ಕೇಳಿಸಿಕೊಳ್ಳಿ.

ಮೊಬೈಲ್ ವಿಷಯಕ್ಕೆ ಒಂದೇ ನಿಯಮ ನಡೆಯುತ್ತದೆ: ಹೊತ್ತು ನಿಗದಿ, ಜಾಗ ನಿಗದಿ. ಊಟದ ಮೇಲೆ ಒಂದು ತಾಸು, ಎಲ್ಲರೂ ಕೂತಿರುವ ಪಡಸಾಲೆಯಲ್ಲಿ. ಊಟ ಮಾಡಿಸಲೆಂದು ಕೈಗೆ ಮೊಬೈಲ್ ಕೊಡುವ ಚಾಳಿ ಬಿಟ್ಟರೆ ಅರ್ಧ ಜಗಳ ನಿಲ್ಲುತ್ತದೆ. ದೊಡ್ಡವರೂ ಆ ಐದು ತಾಸಿನಲ್ಲಿ ತಮ್ಮ ಫೋನ್ ಕೆಳಗಿಡಬೇಕು. ನಾವು ನೋಡುತ್ತಿದ್ದರೆ ಅವರಿಗೆ ಬೇಡವೆನ್ನಲು ನಮಗೆ ಬಾಯಿಲ್ಲ.

ಹೆಜ್ಜೆ 5: ನೀರು ಮತ್ತು ಬಿಸಿಲು ಬಡಿತ

ಬಾಯಾರಿದಾಗ ಕುಡಿಯುತ್ತಾರೆ ಎಂದು ಬಿಡಬೇಡಿ, ಆಟದ ಗುಂಗಿನಲ್ಲಿ ಮಕ್ಕಳು ಮರೆಯುತ್ತಾರೆ. ತಾಸಿಗೊಮ್ಮೆ ಕರೆದು ಕುಡಿಸಿ. ಉಪ್ಪು ಹಾಕಿದ ನೀರು ಮಜ್ಜಿಗೆ, ಅಂಬಲಿ, ನಿಂಬೆ ಪಾನಕ, ಕಲ್ಲಂಗಡಿ, ಕರಬೂಜ ಎಲ್ಲ ಒಳ್ಳೆಯದು. ಪೇಟೆಯ ಬಾಟಲಿ ಪಾನೀಯಗಳ ಸಕ್ಕರೆ ದಾಹ ತಣಿಸುವುದಿಲ್ಲ. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ, ಇದನ್ನು ಮಕ್ಕಳಿಗೇ ಹೇಳಿಕೊಡಿ. ಕುಷ್ಟಗಿ, ಯಲಬುರ್ಗಾ ಕಡೆಯ ಹಾಗೂ ರಾಯಚೂರಿನ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ಹೆಚ್ಚು ನೀರು ಕುಡಿಯುವ ಈ ಕಾಲದಲ್ಲಿ ಮಕ್ಕಳಿಗೆ ಶುದ್ಧ ನೀರಿನ ಘಟಕದ ನೀರನ್ನೇ ಕೊಡಿ.

ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ ಕೊಡಿ. ಒಂದು ಲೀಟರಿನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದೇ ಸಲ ಒಂದು ಲೀಟರ್ ನೀರಿಗೆ ಕರಗಿಸಬೇಕು, ಅಂದಾಜಿಗೆ ಲೋಟಕ್ಕಿಷ್ಟು ಹಾಕಬಾರದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಅಳತೆ ತಪ್ಪಬೇಡಿ. ಒಂದು ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ.

ತಲೆನೋವು, ಸುಸ್ತು, ಕಾಲು ಹಿಡಿತ ಇದ್ದರೆ ನೆರಳಿಗೆ ತಂದು ಕುಡಿಸಿದರೆ ಚೇತರಿಸಿಕೊಳ್ಳುತ್ತಾರೆ. ಆದರೆ ಮೈ ಕೆಂಡದಂತಾಗಿ ಮಗು ಏನೇನೋ ಮಾತಾಡಿದರೆ, ತೂರಾಡಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಶಾಖಾಘಾತ, ಜೀವಕ್ಕೇ ಅಪಾಯ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸುತ್ತಲೇ ಇರಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆ ಬಟ್ಟೆ ಇಡಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಇದು ಸಾದಾ ಜ್ವರವಲ್ಲ, ಪ್ಯಾರಾಸಿಟಮಾಲ್‌ಗೆ ಇಳಿಯುವುದಿಲ್ಲ.

ಹೆಜ್ಜೆ 6: ಕಾಲುವೆ, ಕೃಷಿಹೊಂಡ, ಕ್ವಾರಿ

ಈ ಒಂದು ಹೆಜ್ಜೆಯಲ್ಲಿ ರಿಯಾಯಿತಿ ಬೇಡ. ಮುನಿರಾಬಾದಿನಿಂದ ಗಂಗಾವತಿ, ಸಿಂಧನೂರು ಹಾದು ರಾಯಚೂರಿನ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ ಹರಿಯುತ್ತದೆ. ಅದರ ಇಳಿಜಾರು ಕಾಂಕ್ರೀಟ್ ದಂಡೆಗೆ ಪಾಚಿ ಕಟ್ಟಿರುತ್ತದೆ. ಇಳಿಯುವುದು ಸುಲಭ, ಹತ್ತಲು ಹಿಡಿತವೇ ಸಿಗುವುದಿಲ್ಲ, ಈಜು ಬಲ್ಲವರೂ ಸೋಲುತ್ತಾರೆ. ನೀರು ನಿಲ್ಲಿಸಿದ ಮೇಲೂ ಅಲ್ಲಲ್ಲಿ ಗುಂಡಿಗಳಲ್ಲಿ ಆಳ ಉಳಿದಿರುತ್ತದೆ, ಕುಡಿಯುವ ನೀರಿಗೆಂದು ನಡುವೆ ಬಿಡುವುದೂ ಉಂಟು. ಹೊಲದ ಕೃಷಿಹೊಂಡ ಇನ್ನೂ ಮೋಸ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಹೊಂಡ ನಿಮ್ಮದಾದರೆ ಸುತ್ತ ಬೇಲಿ ಹಾಕಿಸಿ, ಒಂದು ಮೂಲೆಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಡಿ. ಕಲ್ಲು ತೆಗೆದ ಕ್ವಾರಿಗಳ ಆಳವನ್ನು ಮೇಲಿಂದ ನೋಡಿ ಹೇಳಲು ಯಾರಿಗೂ ಆಗದು.

ಬೇಡವೆಂದು ಗದರಿಸಿದಷ್ಟಕ್ಕೇ ಮಕ್ಕಳು ನಿಲ್ಲುವುದಿಲ್ಲ. ಈಜುವ ಆಸೆ ಸಹಜ. ನೀವೇ ಕರೆದುಕೊಂಡು ಹೋಗಿ ಕಲಿಸಿ: ಮೆಟ್ಟಿಲಿರುವ ಬಾವಿ ಅಥವಾ ಊರಿನ ಈಜುಕೊಳ, ಬೆನ್ನಿಗೆ ಖಾಲಿ ಡಬ್ಬ ಕಟ್ಟಿ, ಬೆಳಿಗ್ಗೆ ಹೊತ್ತು. ಮಗು ಕೈಗೆಟಕುವ ದೂರದಲ್ಲಿರಲಿ. ಯಾರಾದರೂ ಮುಳುಗುತ್ತಿದ್ದರೆ ಹಾರಬಾರದು, ಕೂಗಬೇಕು, ಸೀರೆ, ಹಗ್ಗ, ಉದ್ದ ಕೋಲು, ಖಾಲಿ ಕೊಡ ಎಸೆಯಬೇಕು ಎಂಬುದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋಗುವುದು ಹಾರುವುದರಿಂದಲೇ. ಮೇಲೆತ್ತಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಹೆಜ್ಜೆ 7: ಹಿರಿಯ ಮಗಳಿಗೂ ಸೂಟಿ ಕೊಡಿ

ನಮ್ಮ ಮನೆಗಳಲ್ಲಿ ಹನ್ನೆರಡು ಹದಿಮೂರರ ಹುಡುಗಿಗೆ ಸೂಟಿ ಎಂದರೆ ಕೊಡ ಹೊರುವುದು, ಮುಸುರೆ ತಿಕ್ಕುವುದು, ತಮ್ಮ ತಂಗಿಯರನ್ನು ಕಂಕುಳಲ್ಲಿ ಹೊತ್ತು ತಿರುಗುವುದು. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದ ಮನೆಯಲ್ಲಂತೂ ಅವಳೇ ತಾಯಿ. ಸೂಟಿ ಮುಗಿದ ಮೇಲೆ ಶಾಲೆಗೆ ಮರಳದವರಲ್ಲಿ ಇಂಥ ಹುಡುಗಿಯರೇ ಕಾಣುತ್ತಾರೆ. ಕೆಲಸ ಕಲಿಯಬಾರದು ಅನ್ನುತ್ತಿಲ್ಲ. ಅದೇ ಕೆಲಸ ಅಣ್ಣನಿಗೂ ಬೀಳಲಿ, ಸಂಜೆಯ ಎರಡು ತಾಸು ಅವಳದೇ ಆಗಿರಲಿ, ಸೈಕಲ್ ಅವಳ ಕೈಗೂ ಸಿಗಲಿ. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಕಳಿಸುವುದು ಕಾನೂನಿನ ಪ್ರಕಾರ ಅಪರಾಧ.

ಏಪ್ರಿಲ್, ಮೇ ಮದುವೆಯ ಕಾಲವೂ ಹೌದು. ಖರ್ಚು ಉಳಿಯುತ್ತದೆಂದು ಅಕ್ಕನ ಮದುವೆಯ ಹಂದರದಲ್ಲೇ ತಂಗಿಯ ಅಕ್ಕಿಕಾಳೂ ಬೀಳುವುದನ್ನು ಈ ಭಾಗದಲ್ಲಿ ನೋಡಿದ್ದೇವೆ. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡಿದರೆ ಮಾಡಿಸಿದವರಿಗೂ ಶಿಕ್ಷೆ ಇದೆ. ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೆಸರು ಹೇಳಲೇಬೇಕೆಂದಿಲ್ಲ.

ಹೆಜ್ಜೆ 8: ತಿರುಗಾಟ

ದೂರದ ಪ್ರವಾಸಕ್ಕೆ ದುಡ್ಡಿಲ್ಲವೆಂದು ಕೊರಗಬೇಡಿ, ಅರ್ಧ ದಿನದ ತಿರುಗಾಟವೇ ಮಕ್ಕಳಿಗೆ ಹೆಚ್ಚು ಹಿಡಿಸುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿ ಮತ್ತು ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಹಾಗೂ ವೇಗದೂತ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಮಾತ್ರ ಮರೆಯಬೇಡಿ. ಬೆಳಗಿನ ಮೊದಲ ಬಸ್ಸಿಗೆ ಹೊರಟು ಹತ್ತೂವರೆಯೊಳಗೆ ನೆರಳು ಸೇರುವುದೇ ನಿಯಮ.

ಕೊಪ್ಪಳದವರಿಗೆ ಇಟಗಿ ಇದೆ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ, ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದಿದೆ. ಕಂಬಗಳ ನುಣುಪನ್ನು ಮಕ್ಕಳು ಮುಟ್ಟಿ ನೋಡಲಿ. ಅಲ್ಲಿಂದ ಕುಕನೂರಿನ ನವಲಿಂಗ ಗುಡಿ ಹತ್ತಿರ. ಕಿನ್ನಾಳಕ್ಕೆ ಹೋದರೆ ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ತುಂಬಿ ಗೊಂಬೆ ಮಾಡುವ ಕುಟುಂಬಗಳಿವೆ. ಕೇಳಿಕೊಂಡರೆ ಕೆಲಸ ತೋರಿಸುತ್ತಾರೆ, ಬರುವಾಗ ಒಂದು ಸಣ್ಣ ಗೊಂಬೆಯಾದರೂ ಕೊಳ್ಳಿ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಮಧ್ಯಾಹ್ನಕ್ಕೂ ನಡೆಯುತ್ತದೆ, ಒಳಗಿನ ನೆರಳಲ್ಲೇ ಸಂಗನಕಲ್ಲಿನ ನವಶಿಲಾಯುಗದ ಕೊಡಲಿಗಳನ್ನು ನೋಡಬಹುದು. ರಾಯಚೂರು ಜಿಲ್ಲೆಯವರು ಮಸ್ಕಿಗೆ ಹೋಗಿ. 1915ರಲ್ಲಿ ಸಿಕ್ಕ ಅಲ್ಲಿನ ಬಂಡೆಶಾಸನದಲ್ಲಿ ಅಶೋಕನ ಹೆಸರು ಇದ್ದುದರಿಂದಲೇ ‘ದೇವಾನಾಂಪ್ರಿಯ’ ಎಂಬ ಅರಸ ಯಾರೆಂಬುದು ಗಟ್ಟಿಯಾಯಿತು.

ಅಂಜನಾದ್ರಿಯ 575 ಮೆಟ್ಟಿಲನ್ನು ಸೂರ್ಯ ಹುಟ್ಟುವ ಮುಂಚೆ ಹತ್ತಿ, ಎಂಟರೊಳಗೆ ಇಳಿಯಿರಿ. ತಡವಾದರೆ ಕಾದ ಕಲ್ಲಿಗೆ ಮಕ್ಕಳ ಬರಿಗಾಲು ಬೊಬ್ಬೆ ಏಳುತ್ತದೆ. ಹಿರೇಬೆಣಕಲ್‌ನ ಶಿಲಾಸಮಾಧಿಗಳ ಗುಡ್ಡವನ್ನು ಮಾತ್ರ ದಸರಾ ಸೂಟಿಗೆ ಇಟ್ಟುಕೊಳ್ಳಿ, ನೆರಳಿಲ್ಲದ ದಾರಿ ಅದು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಐದು ನಿಮಿಷವೂ ಬಿಡಬೇಡಿ. ಜಾತ್ರೆಗೆ ಹೋಗುವಾಗ ಚಿಕ್ಕ ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ.

ಹೆಜ್ಜೆ 9: ರಾತ್ರಿ

ಮಾಳಿಗೆ ಮೇಲೆ ಮಲಗುವುದು ಈ ಸೂಟಿಯ ದೊಡ್ಡ ಸುಖ. ಕಟ್ಟೆ ಇಲ್ಲದ ಮಾಳಿಗೆಯಲ್ಲಿ ಮಾತ್ರ ಮಕ್ಕಳನ್ನು ಮಲಗಿಸಬೇಡಿ, ನಿದ್ದೆಗಣ್ಣಲ್ಲಿ ಎದ್ದು ನಡೆಯುತ್ತಾರೆ. ಅಂಗಳದಲ್ಲಾದರೆ ನೆಲ ಬೇಡ, ಹೊರಸು ಇರಲಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಕಟ್ಟುಹಾವು ನೆಲದಲ್ಲಿ ಮಲಗಿದವರನ್ನೇ ಕಚ್ಚುವುದು, ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಬೆಳಗಿನ ಜಾವ ಮಗುವಿಗೆ ಹೊಟ್ಟೆನೋವು, ರೆಪ್ಪೆ ಭಾರ, ಮಾತು ತೊದಲು ಕಂಡರೆ ನೇರ ಆಸ್ಪತ್ರೆಗೆ. ಬಿಗಿದು ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಎಂದು ಅಲೆಯುವುದು ಬೇಡ.

ಹೆಜ್ಜೆ 10: ಕೊನೆಯ ಹತ್ತು ದಿನ

ಮೇ ಮೂರನೇ ವಾರದಿಂದ ಕಾಗದಪತ್ರ ನೋಡಿ. 5 ಮತ್ತು 15 ವರ್ಷ ತುಂಬಿದ ಮಕ್ಕಳ ಆಧಾರ್ ಬೆರಳಚ್ಚು ಹೊಸದಾಗಿ ಕೊಡಬೇಕು. ಜಾತಿ, ಆದಾಯ ಪ್ರಮಾಣಪತ್ರ ಮತ್ತು ಪಿಯುಸಿ ಮುಗಿಸಿದವರಿದ್ದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪತ್ರಕ್ಕೆ ಜೂನ್‌ನಲ್ಲಿ ನಾಡಕಚೇರಿ, ತಾಲ್ಲೂಕು ಕಚೇರಿಗಳಲ್ಲಿ ನೂಕುನುಗ್ಗಲಾಗುತ್ತದೆ, ಈಗಲೇ ಅರ್ಜಿ ಹಾಕಿ. 5 ತುಂಬಿದವರಿಗೆ ಡಿಪಿಟಿ ಬೂಸ್ಟರ್, 10 ಮತ್ತು 16ಕ್ಕೆ ಟಿಡಿ ಲಸಿಕೆ ಬಾಕಿಯಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಗುಳೆ ಹೋದವರು ಶಾಲೆ ತೆರೆಯುವ ದಿನಕ್ಕೆ ಮಕ್ಕಳನ್ನು ಊರಿಗೆ ತಲುಪಿಸುವ ಏರ್ಪಾಡು ಮಾಡಿ. ಬರಲಾಗದಿದ್ದರೆ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಹೇಳಿ, ನೀವಿರುವ ಕಡೆಯ ಸರ್ಕಾರಿ ಶಾಲೆಗೆ ಸೇರಿಸಿ. ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಎಂಟನೇ ತರಗತಿಯವರೆಗೆ ಪ್ರವೇಶ ನಿರಾಕರಿಸುವಂತಿಲ್ಲ.

ಶಾಲೆ ಶುರುವಾದ ಮೇಲೂ ಮಳೆ ಹಿಡಿಯುವವರೆಗೆ ಬಿಸಿಲು ಇದ್ದೇ ಇರುತ್ತದೆ. ಓಣಿಯ ಸರದಿಯನ್ನು ಜೂನ್ ಮೊದಲ ವಾರವೂ ನಡೆಸಿ. ಶಾಲೆ ಬೇಗ ಬಿಟ್ಟ ದಿನ ಮಕ್ಕಳು ನೇರ ಆ ದಿನದ ಮನೆಗೇ ಹೋಗಲಿ.